ಮನೆಯಲ್ಲೇ ಕುಬರ್ನೆಟಿಸ್ ಲ್ಯಾಬ್: ಕೆಡಿಸಿ ಕಲಿಯೋಕೆ ಮೂರು ಮೆಷಿನ್

ಕುಬರ್ನೆಟಿಸ್ ಅಂದರೆ ಹಲವು ಮೆಷಿನ್‌ಗಳನ್ನು ಕ್ಲಸ್ಟರ್ ಅನ್ನೋ ಒಂದು ಗುಂಪಾಗಿ ಸೇರಿಸಿ, ಆ್ಯಪ್‌ಗಳನ್ನು ಕಂಟೈನರ್ ಅನ್ನೋ ಪೊಟ್ಟಣಗಳಲ್ಲಿ ಓಡಿಸುವ ಸಾಫ್ಟ್‌ವೇರ್. ಆ ಗುಂಪಿನ ಒಂದೊಂದು ಮೆಷಿನ್ ಒಂದು ನೋಡ್. ಲ್ಯಾಪ್‌ಟಾಪಿನಲ್ಲಿ ಅದರ ಚಿಕ್ಕ ರೂಪವಾದ ಮಿನಿಕ್ಯೂಬ್ ಹಾಕಿಕೊಂಡು ಕಲಿಯಲು ಶುರು ಮಾಡಿದವರಿಗೆ ಒಂದು ಹಂತದಲ್ಲಿ ದಾರಿ ನಿಂತುಹೋಗುತ್ತದೆ. ಪಾಡ್ (ಒಟ್ಟಿಗೆ ಓಡುವ ಒಂದೆರಡು ಕಂಟೈನರ್) ಓಡುತ್ತದೆ, ಸರ್ವಿಸ್ (ಪಾಡ್‌ಗಳನ್ನು ತಲುಪುವ ಖಾಯಂ ವಿಳಾಸ) ಸಿಗುತ್ತದೆ, ಏನು ಬೇಕು ಅಂತ ಹೇಳುವ ಯಾಮಲ್ ಫೈಲ್ ಬರೆಯಲು ಕೈ ಪಳಗುತ್ತದೆ. ಆಮೇಲೆ? ಒಂದು ಮೆಷಿನ್ ದಿಢೀರನೆ ಸತ್ತರೆ ಅದರ ಮೇಲಿದ್ದ ಡೇಟಾಬೇಸ್ ಏನಾಗುತ್ತದೆ ಅನ್ನೋದು ಅಲ್ಲಿ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿರುವುದೇ ಒಂದು ಮೆಷಿನ್. ಗೂಗಲ್ ತನ್ನ ಒಳಗಿನ ಬೋರ್ಗ್ ವ್ಯವಸ್ಥೆಯ ಅನುಭವದ ಮೇಲೆ ಕುಬರ್ನೆಟಿಸ್ ಕಟ್ಟಿ 2014ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತಲ್ಲ, ಅದರ ಹಿಂದಿದ್ದ ಯೋಚನೆ ಇದೇ: ಮೆಷಿನ್‌ಗಳು ಸಾಯುತ್ತಲೇ ಇರುತ್ತವೆ, ಆದರೂ ಕೆಲಸ ನಡೆಯುತ್ತಿರಬೇಕು.

ಹಾಗಾಗಿ ಮನೆಯ ಲ್ಯಾಬ್ ಕಟ್ಟುವಾಗ ನಾನು ಕೇಳುವುದು ಎರಡೇ ಪ್ರಶ್ನೆ. ಇದನ್ನು ಭಯವಿಲ್ಲದೆ ಕೆಡಿಸಬಹುದಾ? ಕೆಡಿಸಿದ ಮೇಲೆ ಒಂದು ಸಂಜೆಯೊಳಗೆ ಮತ್ತೆ ಎದ್ದು ನಿಲ್ಲಿಸಬಹುದಾ? ಯಾವ ಮೆಷಿನ್, ಯಾವ ಸಾಫ್ಟ್‌ವೇರ್ ಅನ್ನೋ ತೀರ್ಮಾನಗಳೆಲ್ಲ ಇವೆರಡರಿಂದಲೇ ಬರುತ್ತವೆ.

ಮೆಷಿನ್

ಆಫೀಸುಗಳಿಂದ ಹೊರಬೀಳುವ ಹಳೇ ಮಿನಿ ಪಿಸಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ನಾಲ್ಕು ಕೋರ್, 8 ಜಿಬಿ ರ‍್ಯಾಮ್ ಇದ್ದರೆ ಶುರು ಮಾಡಬಹುದು. 16 ಇದ್ದರೆ ಆರಾಮ. ಹಳೇ ರ‍್ಯಾಕ್ ಸರ್ವರ್ ಬೇಡ. ಅದು ಸುಮ್ಮನೆ ಕೂತಿದ್ದರೂ 100 ವಾಟ್ ಎಳೆಯುವುದು ಮಾಮೂಲು, ಅಂದರೆ ತಿಂಗಳಿಗೆ 72 ಯೂನಿಟ್ ಕರೆಂಟ್, ಜೊತೆಗೆ ಫ್ಯಾನ್ ಸದ್ದು. ಕೆಲಸವಿಲ್ಲದಾಗ 10 ವಾಟ್ ತಿನ್ನುವ ಮಿನಿ ಪಿಸಿ ತಿಂಗಳಿಗೆ 7 ಯೂನಿಟ್ ಚಿಲ್ಲರೆಯಲ್ಲಿ ಮುಗಿಸುತ್ತದೆ. ಮೂರಿದ್ದರೂ 22 ಯೂನಿಟ್ ಸುತ್ತಮುತ್ತ.

ರ‍್ಯಾಮ್‌ಗಿಂತ ಜಾಸ್ತಿ ಗಮನ ಕೊಡಬೇಕಾದದ್ದು ಡಿಸ್ಕ್‌ಗೆ. ಕ್ಲಸ್ಟರಿನ ಎಲ್ಲ ನೆನಪು ಇರುವುದು ಎಟ್‌ಸಿಡಿ ಅನ್ನೋ ಚಿಕ್ಕ ಡೇಟಾಬೇಸಿನಲ್ಲಿ. ಅದು ಏನನ್ನೇ ಬರೆದರೂ, ಡಿಸ್ಕಿನ ಮೇಲೆ ನಿಜವಾಗಿ ಬಿತ್ತು ಅಂತ ಖಾತ್ರಿ ಆಗುವವರೆಗೆ ಕಾಯುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಈ ಕಾಯುವಿಕೆ 10 ಮಿಲಿಸೆಕೆಂಡಿನ ಒಳಗಿರಬೇಕು ಅನ್ನೋದು ಎಟ್‌ಸಿಡಿಯವರೇ ಕೊಡುವ ಅಳತೆ. ಎಸ್‌ಎಸ್‌ಡಿಗೆ ಇದು ಸುಲಭ. ಎಸ್‌ಡಿ ಕಾರ್ಡ್‌ಗೆ ಆಗುವುದಿಲ್ಲ, ತಿರುಗುವ ಹಾರ್ಡ್ ಡಿಸ್ಕ್ ಕೂಡ ಒದ್ದಾಡುತ್ತದೆ. ಡಿಸ್ಕ್ ನಿಧಾನವಾದರೆ ಏನಾಗುತ್ತದೆ ನೋಡಿ: ನೋಡ್‌ಗಳು ಒಂದಕ್ಕೊಂದು ನಾನಿದ್ದೇನೆ ಅಂತ ಹೇಳುವುದು ತಡವಾಗುತ್ತದೆ, ಬರವಣಿಗೆ ನಡೆಸುವ ಮುಖ್ಯ ನೋಡ್, ಅಂದರೆ ಲೀಡರ್, ಸತ್ತಿದೆ ಅಂದುಕೊಂಡು ಉಳಿದವು ಹೊಸ ಲೀಡರನ್ನು ಆರಿಸಲು ಹೊರಡುತ್ತವೆ, ಅಷ್ಟರಲ್ಲಿ ಹಳೆಯದು ವಾಪಸ್ ಬರುತ್ತದೆ, ಮತ್ತೆ ಅದೇ ಕಥೆ. ಹೊರಗಿಂದ ನೋಡಿದರೆ ನೆಟ್‌ವರ್ಕ್ ತೊಂದರೆ ಅನ್ನಿಸುತ್ತದೆ. ರಾಸ್ಪ್‌ಬೆರಿ ಪೈ ಇದ್ದರೆ ಬಳಸಿ, ಆದರೆ ಎಸ್‌ಎಸ್‌ಡಿ ಸಿಕ್ಕಿಸಿ ಅದರಿಂದಲೇ ಬೂಟ್ ಮಾಡಿ. ಪೈಯಲ್ಲಿ ಇನ್ನೊಂದು ಕೆಲಸ ಇದೆ: ಬೂಟ್ ಆಗುವಾಗ ಕರ್ನಲ್ ಓದುವ ಸಾಲಿನಲ್ಲಿ ಮೆಮೊರಿ ಸಿಗ್ರೂಪ್ (ಕಂಟೈನರ್‌ಗಳ ಮೆಮೊರಿ ಲೆಕ್ಕ ಇಡುವ ಸೌಲಭ್ಯ) ಆನ್ ಮಾಡಬೇಕಾಗಬಹುದು. ಅದು ಆಫ್ ಆಗಿದ್ದರೆ ನಾವು ಮುಂದೆ ಹಾಕಲಿರುವ ಚಿಕ್ಕ ಕುಬರ್ನೆಟಿಸ್, ಅಂದರೆ ಕೆ3ಎಸ್, ಶುರುವಾಗುವುದಿಲ್ಲ. ಪೈ ಮತ್ತು ಮಿನಿ ಪಿಸಿ ಎರಡನ್ನೂ ಬೆರೆಸಿದರೆ, ಎರಡೂ ಬಗೆಯ ಪ್ರೊಸೆಸರ್‌ಗೆ ಕಟ್ಟಿದ ಇಮೇಜ್ (ಕಂಟೈನರ್ ಹುಟ್ಟುವ ಮೂಲ ಫೈಲ್) ಬೇಕು. ಇಲ್ಲದಿದ್ದರೆ ಕಂಟೈನರ್ ಎದ್ದ ಕ್ಷಣವೇ 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಅಂತ ಹೇಳಿ ಸಾಯುತ್ತದೆ.

ಮೂರು ಮೆಷಿನ್ ಸಿಗಲಿಲ್ಲವಾ? 32 ಜಿಬಿ ರ‍್ಯಾಮ್ ಇರುವ ಒಂದರ ಮೇಲೆ ಪ್ರಾಕ್ಸ್‌ಮಾಕ್ಸ್ ಹಾಕಿ, ಅದರಲ್ಲಿ ಮೂರು ವರ್ಚುವಲ್ ಮೆಷಿನ್ ಮಾಡಿಕೊಳ್ಳಿ. ಏನನ್ನಾದರೂ ಕೆಡಿಸುವ ಮುಂಚೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಡಬಹುದು, ಇದು ನಿಜವಾಗಿಯೂ ದೊಡ್ಡ ಅನುಕೂಲ. ಕೇಬಲ್ ಕಿತ್ತು ನೋಡುವ ಪ್ರಯೋಗವನ್ನು ಮಾತ್ರ ಮೌಸ್‌ನಲ್ಲಿ ಮಾಡಬೇಕಾಗುತ್ತದೆ. ಒಂದು ಎಚ್ಚರಿಕೆ: ಒಂದು ವರ್ಚುವಲ್ ಮೆಷಿನ್ ಮಾಡಿ ಅದನ್ನೇ ಕ್ಲೋನ್ ಮಾಡಿದರೆ ಮೂರಕ್ಕೂ ಒಂದೇ ಮೆಷಿನ್-ಐಡಿ ಬಂದುಬಿಡುತ್ತದೆ. ಅದನ್ನು ಅಳಿಸಿ ಹೊಸದಾಗಿ ಹುಟ್ಟಿಸಿ, ಹೋಸ್ಟ್‌ನೇಮ್ ಕೂಡ ಬದಲಿಸಿ. ಇಲ್ಲದಿದ್ದರೆ ಎರಡು ನೋಡ್ ಒಂದೇ ಐಪಿ ಹಿಡಿದುಕೊಂಡು ಕೂರಬಹುದು.

ನಿಜವಾದ ಮೆಷಿನ್ ಆದರೆ ಬಯಾಸ್‌ಗೆ ಹೋಗಿ, ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗುವಂತೆ ಇಟ್ಟುಬಿಡಿ.

ನೆಟ್‌ವರ್ಕ್

ವೈಫೈ ಬೇಡ. ಒಂದು ಐದು ಪೋರ್ಟಿನ ಗಿಗಾಬಿಟ್ ಸ್ವಿಚ್, ನಾಲ್ಕು ಕೇಬಲ್ ಸಾಕು: ಮೂರು ನೋಡ್‌ಗಳಿಗೆ, ಒಂದು ರೂಟರಿಗೆ.

ಯಾವ ಐಪಿ ಯಾರಿಗೆ ಅಂತ ಮೊದಲೇ ಹಂಚಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಮನೆಯ ನೆಟ್‌ವರ್ಕ್ 192.168.1 ಅಂತಿದ್ದರೆ, ನೋಡ್‌ಗಳಿಗೆ 11, 12, 13. ರೂಟರ್ ಉಳಿದ ಫೋನು, ಟಿವಿಗಳಿಗೆ ಹಂಚೋದು 100ರಿಂದ 199. ಮುಂದೆ ಸರ್ವಿಸ್‌ಗಳಿಗೆ ಬೇಕಾಗುವ ಐಪಿಗಳಿಗೆ 240ರಿಂದ 250. ಈ ಕೊನೆಯ ಗುಂಪನ್ನು ರೂಟರ್ ಯಾವತ್ತೂ ಬೇರೆಯವರಿಗೆ ಕೊಡದ ಹಾಗೆ ನೋಡಿಕೊಳ್ಳಿ. ನೋಡ್‌ಗಳ ಐಪಿ ಬದಲಾಗಲೇಬಾರದು. ಎಟ್‌ಸಿಡಿಯ ಸದಸ್ಯರು ಒಬ್ಬರನ್ನೊಬ್ಬರು ಐಪಿಯಿಂದಲೇ ಗುರುತಿಸುತ್ತಾರೆ, ಬದಲಾದರೆ ಆ ನೋಡ್ ಪರಕೀಯ ಆಗಿಬಿಡುತ್ತದೆ. ಕೆ3ಎಸ್ ತನ್ನ ಪಾಡ್‌ಗಳಿಗೆ 10.42ರಿಂದ, ಸರ್ವಿಸ್‌ಗಳಿಗೆ 10.43ರಿಂದ ಶುರುವಾಗುವ ವಿಳಾಸಗಳನ್ನು ಬಳಸುತ್ತದೆ. ನಿಮ್ಮ ಮನೆಯ ನೆಟ್‌ವರ್ಕ್ ಅಥವಾ ಆಫೀಸಿನ ವಿಪಿಎನ್ ಅದೇ ಜಾಗದಲ್ಲಿದ್ದರೆ ಇನ್‌ಸ್ಟಾಲ್ ಮಾಡುವ ಮುಂಚೆಯೇ ಬದಲಿಸಿ, ಆಮೇಲೆ ಬದಲಿಸುವುದು ಅಂದರೆ ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದ ಹಾಗೆ.

ಇನ್‌ಸ್ಟಾಲ್

ಆಪರೇಟಿಂಗ್ ಸಿಸ್ಟಮ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಡೆಬಿಯನ್ ಅಥವಾ ಉಬುಂಟು ಸರ್ವರ್, ಡೆಸ್ಕ್‌ಟಾಪ್ ಇಲ್ಲದ್ದು. ಎಸ್‌ಎಸ್‌ಎಚ್ ಕೀ ಹಾಕಿ ಪಾಸ್‌ವರ್ಡ್ ಲಾಗಿನ್ ಮುಚ್ಚಿ. ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕನ್ನು ಬಳಸುವುದು) ಆಫ್ ಮಾಡಿ. ಕ್ರೋನಿ ಹಾಕಿ ಮೂರರ ಗಡಿಯಾರವೂ ಒಂದೇ ಸಮಯ ತೋರಿಸುವಂತೆ ಮಾಡಿ. ಗಡಿಯಾರ ತಪ್ಪಿದರೆ ಸರ್ಟಿಫಿಕೇಟ್‌ಗಳು ಸುಮ್ಸುಮ್ನೆ ತಕರಾರು ತೆಗೆಯುತ್ತವೆ, ಕಾರಣ ಹುಡುಕೋದು ಕಷ್ಟ.

ಇನ್ನು ಕುಬರ್ನೆಟಿಸ್. ದಾರಿಗಳು ಹಲವು. ಕ್ಯೂಬ್‌ಎಡಿಎಂ ಬಳಸಿದರೆ ಕಂಟೈನರ್ ಓಡಿಸುವ ಸಾಫ್ಟ್‌ವೇರ್, ನೆಟ್‌ವರ್ಕ್ ಥರದ ಭಾಗಗಳನ್ನು ಕೈಯಾರೆ ಜೋಡಿಸುವ ಕೆಲಸ ನಿಮ್ಮದು. ರ‍್ಯಾಂಚರ್ ಲ್ಯಾಬ್ಸ್ 2019ರಲ್ಲಿ ಬಿಟ್ಟ ಕೆ3ಎಸ್ ಎಲ್ಲವನ್ನೂ 100 ಎಂಬಿಗಿಂತ ಚಿಕ್ಕ ಒಂದೇ ಬೈನರಿಯಲ್ಲಿ ತುಂಬಿಕೊಂಡು ಬರುತ್ತದೆ. ನೆಟ್‌ವರ್ಕ್‌ಗೆ ಫ್ಲ್ಯಾನಲ್, ಒಳಬರುವ ವೆಬ್ ಕೋರಿಕೆಗಳಿಗೆ ಟ್ರಾಫಿಕ್ (Traefik) ಅನ್ನೋ ಸಾಫ್ಟ್‌ವೇರ್, ಹೆಸರು ಹುಡುಕಲು ಕೋರ್‌ಡಿಎನ್‌ಎಸ್, ಎಲ್ಲ ಜೊತೆಗೇ ಇರುತ್ತವೆ. ನನ್ನ ಮಾತು ಕೇಳಿದರೆ ಲ್ಯಾಬ್ ನಡೆಸುವುದಕ್ಕೆ ಕೆ3ಎಸ್ ಹಾಕಿ. ಅದು ಗಟ್ಟಿಯಾಗಿ ನಿಂತ ಮೇಲೆ, ಬೇರೆ ವರ್ಚುವಲ್ ಮೆಷಿನ್‌ಗಳಲ್ಲಿ ಒಮ್ಮೆ ಕ್ಯೂಬ್‌ಎಡಿಎಂ ಮಾಡಿ ನೋಡಿ, ಒಳಗಿನ ಗುಟ್ಟು ಅಲ್ಲಿ ಗೊತ್ತಾಗುತ್ತದೆ. ಕಂಟೈನರ್ ಓಡಿಸಲು ಡಾಕರ್ ಹಾಕಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. 2022ರಲ್ಲಿ ಬಂದ 1.24ನೇ ಆವೃತ್ತಿಯಿಂದ ಕುಬರ್ನೆಟಿಸ್ ಡಾಕರ್ ಜೊತೆಗಿನ ನೇರ ನಂಟನ್ನು ತೆಗೆದುಹಾಕಿದೆ, ಈಗ ಕಂಟೈನರ್ ಓಡಿಸುವುದು ಕಂಟೈನರ್‌ಡಿ. ಡಾಕರಿನಲ್ಲಿ ಕಟ್ಟಿದ ಇಮೇಜ್‌ಗಳು ಅದರಲ್ಲಿ ಹಾಗೆಯೇ ಓಡುತ್ತವೆ.

ಮೊದಲ ನೋಡಿನಲ್ಲಿ ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸುವ ಮುಂಚೆಯೇ ಕೆ3ಎಸ್‌ನ ಕಾನ್ಫಿಗ್ ಯಾಮಲ್ ಫೈಲ್ ಬರೆದಿಡಿ. ಇಟಿಸಿ ಫೋಲ್ಡರಿನ ಒಳಗೆ ರ‍್ಯಾಂಚರ್, ಅದರ ಒಳಗೆ ಕೆ3ಎಸ್, ಅಲ್ಲಿ ಇರಬೇಕು. ಕಮಾಂಡಿನ ಬಾಲಕ್ಕೆ ಉದ್ದುದ್ದ ಆಯ್ಕೆಗಳನ್ನು ಅಂಟಿಸುವುದಕ್ಕಿಂತ ಇದು ಒಳ್ಳೆಯದು, ಫೈಲ್ ಇದ್ದರೆ ಆರು ತಿಂಗಳ ಮೇಲೂ ಏನು ಮಾಡಿದ್ದೆ ಅಂತ ಗೊತ್ತಾಗುತ್ತದೆ. ಅದರಲ್ಲಿ ಮೂರು ಸಂಗತಿ ಇರಲಿ. ಒಂದು, ಕ್ಲಸ್ಟರ್-ಇನಿಟ್ ಟ್ರೂ, ಇದನ್ನು ಹಾಕದಿದ್ದರೆ ಕೆ3ಎಸ್ ಎಟ್‌ಸಿಡಿ ಬದಲು ಎಸ್‌ಕ್ಯೂಲೈಟ್ ಬಳಸುತ್ತದೆ, ಆಗ ಎರಡನೇ ಸರ್ವರ್ (ಕ್ಲಸ್ಟರನ್ನು ನಡೆಸುವ ನೋಡ್) ಸೇರಿಸಲು ಆಗುವುದಿಲ್ಲ. ಎರಡು, ಟಿಎಲ್‌ಎಸ್-ಸ್ಯಾನ್, ಅಂದರೆ ಸರ್ಟಿಫಿಕೇಟಿನಲ್ಲಿ ಇರಬೇಕಾದ ಹೆಚ್ಚುವರಿ ಹೆಸರು, ಐಪಿಗಳು. ಮೂರು, ಸರ್ವಿಸ್‌ಎಲ್‌ಬಿ (ಸರ್ವಿಸ್‌ಗಳನ್ನು ಹೊರಗಿನವರಿಗೆ ತೆರೆಯುವ ಕೆ3ಎಸ್‌ನ ಭಾಗ) ಬೇಡ ಅನ್ನೋ ಸಾಲು, ಅದರ ಜಾಗದಲ್ಲಿ ಮೆಟಲ್‌ಎಲ್‌ಬಿ ಹಾಕುತ್ತೇವೆ. ಸ್ಕ್ರಿಪ್ಟ್‌ಗೆ ಆವೃತ್ತಿಯ ನಂಬರನ್ನೂ ಕೊಡಿ. ಕೊಡದಿದ್ದರೆ ಇವತ್ತು ಒಂದು, ಮುಂದಿನ ತಿಂಗಳು ಮೂರನೇ ನೋಡ್ ಸೇರಿಸುವಾಗ ಇನ್ನೊಂದು ಬಂದು ಕೂರುತ್ತದೆ.

ಮೊದಲ ನೋಡ್ ಎದ್ದ ಮೇಲೆ ಅದು ಒಂದು ಟೋಕನ್ (ಕ್ಲಸ್ಟರಿಗೆ ಸೇರಲು ಬೇಕಾದ ಗುಟ್ಟಿನ ಪದ) ಬರೆದಿಟ್ಟಿರುತ್ತದೆ. ಅದನ್ನು ತೆಗೆದುಕೊಂಡು ಉಳಿದೆರಡರ ಕಾನ್ಫಿಗ್ ಫೈಲಿಗೆ ಹಾಕಿ, ಸರ್ವರ್ ವಿಳಾಸ ಅಂತ ಮೊದಲ ನೋಡಿನ ಐಪಿಯನ್ನು 6443 ಪೋರ್ಟ್ ಸಮೇತ ಕೊಟ್ಟು, ಅದೇ ಸ್ಕ್ರಿಪ್ಟನ್ನು ಸರ್ವರ್ ಆಗಿಯೇ ಓಡಿಸಿ. ಕ್ಲಸ್ಟರಿಗೆ ಆಜ್ಞೆ ಕೊಡುವ ಕಮಾಂಡ್ ಕ್ಯೂಬ್‌ಸಿಟಿಎಲ್. 'ಕ್ಯೂಬ್‌ಸಿಟಿಎಲ್ ಗೆಟ್ ನೋಡ್ಸ್' ಅಂದರೆ ಮೂರೂ ರೆಡಿ ಅಂತ ಬರಬೇಕು. ಆ ಟೋಕನನ್ನು ಕ್ಲಸ್ಟರಿನ ಹೊರಗೆ, ಪಾಸ್‌ವರ್ಡ್ ಇಡುವ ಜಾಗದಲ್ಲಿ ಈಗಲೇ ಇಡಿ. ಬ್ಯಾಕಪ್‌ನಿಂದ ವಾಪಸ್ ತರುವಾಗ ಅದಿಲ್ಲದೆ ನಡೆಯುವುದಿಲ್ಲ.

ಫೈರ್‌ವಾಲ್ ಇದ್ದರೆ ನೋಡ್‌ಗಳ ನಡುವೆ ಟಿಸಿಪಿ 6443, 10250, 2379, 2380 ಮತ್ತು ಯುಡಿಪಿ 8472 ತೆರೆದಿರಬೇಕು. ಈ ಕೊನೆಯದು ಮರೆತರೆ ಬರುವ ಲಕ್ಷಣ ವಿಚಿತ್ರ. ಎಲ್ಲ ನೋಡ್ ರೆಡಿ ಅಂತಲೇ ತೋರಿಸುತ್ತವೆ, ಒಂದೇ ನೋಡಿನ ಮೇಲಿರುವ ಪಾಡ್‌ಗಳು ಚೆನ್ನಾಗಿ ಮಾತಾಡಿಕೊಳ್ಳುತ್ತವೆ, ಬೇರೆ ನೋಡಿನ ಪಾಡ್ ಮಾತ್ರ ಸಿಗುವುದಿಲ್ಲ. ಯಾಕೆಂದರೆ ಫ್ಲ್ಯಾನಲ್ ಪಾಡ್‌ಗಳ ಮಾತನ್ನು ನೋಡಿನಿಂದ ನೋಡಿಗೆ ಸಾಗಿಸೋದು ಅದೇ ಪೋರ್ಟಿನಲ್ಲಿ. ಕೋರ್‌ಡಿಎನ್‌ಎಸ್ ಪಾಡ್ ಬೇರೆ ನೋಡಿನಲ್ಲಿದ್ದರೆ ಹೆಸರುಗಳೂ ಸಿಗದೆ, ಡಿಎನ್‌ಎಸ್ ಕೆಟ್ಟಿದೆ ಅಂತ ತಪ್ಪು ದಾರಿ ಹಿಡಿಯುತ್ತೀರಿ. ಈ ಪೋರ್ಟ್‌ಗಳು ಯಾವುವೂ ಇಂಟರ್‌ನೆಟ್ ಕಡೆಗೆ ತೆರೆಯಬಾರದು. ಹೊರಗಿಂದ ಲ್ಯಾಬ್ ಬೇಕಾದರೆ ವೈರ್‌ಗಾರ್ಡ್ ವಿಪಿಎನ್ ಹಾಕಿಕೊಳ್ಳಿ.

ಮೂರೇ ಯಾಕೆ

ಎಟ್‌ಸಿಡಿ ಏನನ್ನಾದರೂ ಬರೆಯಬೇಕಾದರೆ ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಒಪ್ಪಬೇಕು. ಮೂರರಲ್ಲಿ ಎರಡು. ಹಾಗಾಗಿ ಒಂದು ಸತ್ತರೂ ನಡೆಯುತ್ತದೆ. ಎರಡಿದ್ದರೆ ಎರಡೂ ಒಪ್ಪಬೇಕು, ಅಂದರೆ ಯಾವುದೇ ಒಂದು ಸತ್ತರೂ ಎಲ್ಲ ನಿಂತಿತು. ಒಂದೇ ಇದ್ದಾಗ ಕೆಡಲು ಒಂದು ಮೆಷಿನ್ ಇತ್ತು, ಈಗ ಎರಡಿವೆ. ಆದ್ದರಿಂದ ಎರಡು ಸರ್ವರ್ ಅನ್ನೋದು ಒಂದಕ್ಕಿಂತ ಕೆಟ್ಟದ್ದು. ನಾಲ್ಕರಲ್ಲಿ ಮೂರು ಒಪ್ಪಬೇಕು, ತಡೆಯೋದು ಮತ್ತೆ ಒಂದೇ ಸಾವು. ನಾಲ್ಕನೇ ಮೆಷಿನ್ ಸಿಕ್ಕರೆ ಅದನ್ನು ಬರೀ ಕೆಲಸ ಮಾಡುವ ಏಜೆಂಟ್ ಆಗಿ ಸೇರಿಸಿ.

ಇಲ್ಲಿ ಒಂದು ಗೊಂದಲ ಆಗುತ್ತದೆ. ಮೂರು ಸರ್ವರ್ ಇದ್ದರೂ ನಿಮ್ಮ ಲ್ಯಾಪ್‌ಟಾಪಿನ ಕ್ಯೂಬ್‌ಕಾನ್ಫಿಗ್ (ಕ್ಲಸ್ಟರ್ ಎಲ್ಲಿದೆ ಅಂತ ಹೇಳುವ ಫೈಲ್) ಮೊದಲ ನೋಡಿನ ಐಪಿಯನ್ನೇ ತೋರಿಸುತ್ತಿರುತ್ತದೆ. ಆ ನೋಡ್ ಹೋದರೆ ಕ್ಲಸ್ಟರ್ ಬದುಕಿದ್ದರೂ ನಿಮಗೆ ಸತ್ತ ಹಾಗೆ ಕಾಣುತ್ತದೆ. ಕ್ಯೂಬ್-ವಿಐಪಿ ಹಾಕಿದರೆ ಒಂದು ತೇಲುವ ಐಪಿ ಸಿಗುತ್ತದೆ, ಬದುಕಿರುವ ಯಾವುದಾದರೂ ಸರ್ವರ್ ಅದನ್ನು ಹಿಡಿದುಕೊಳ್ಳುತ್ತದೆ. ಆ ಐಪಿಯನ್ನು ಮೊದಲೇ ಟಿಎಲ್‌ಎಸ್-ಸ್ಯಾನ್‌ನಲ್ಲಿ ಬರೆದಿರಬೇಕು, ಅದಕ್ಕೇ ಆಗಲೇ ಆ ಸಾಲು ಹಾಕಿಸಿದ್ದು.

ಹೊರಗಿನ ಬಾಗಿಲು, ಒಳಗಿನ ಉಗ್ರಾಣ

ಸರ್ವಿಸ್‌ಗಳಿಗೆ ಮನೆಯ ನೆಟ್‌ವರ್ಕಿನ ಐಪಿ ಹಂಚುವ ಮೆಟಲ್‌ಎಲ್‌ಬಿಗೆ ಆಗ ಎತ್ತಿಟ್ಟ 240ರಿಂದ 250ರ ಐಪಿಗಳನ್ನು ಕೊಡಿ, ಎಲ್2 ಮೋಡ್ ಸಾಕು. ಒಂದೊಂದು ಐಪಿಗೂ ಒಂದು ನೋಡ್ ಜವಾಬ್ದಾರಿ ಹೊತ್ತು, ಈ ಐಪಿ ನನ್ನದು ಅಂತ ನೆಟ್‌ವರ್ಕಿಗೆ ಹೇಳುತ್ತದೆ, ಆ ನೋಡ್ ಸತ್ತರೆ ಇನ್ನೊಂದು ವಹಿಸಿಕೊಳ್ಳುತ್ತದೆ. ಟ್ರಾಫಿಕ್‌ಗೆ ಒಂದು ಐಪಿ ಸಿಕ್ಕರೆ ಎಲ್ಲ ವೆಬ್ ಆ್ಯಪ್‌ಗಳೂ ಅದರ ಹಿಂದೆ ಕೂರುತ್ತವೆ. ನಿಮ್ಮದೇ ಡೊಮೇನ್ ಇದ್ದರೆ ಸರ್ಟ್-ಮ್ಯಾನೇಜರ್ ಹಾಕಿ ಡಿಎನ್‌ಎಸ್ ಮೂಲಕ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತರಿಸಿ. ಮನೆಯ ಒಂದು ಪೋರ್ಟನ್ನೂ ತೆರೆಯದೆ ಬ್ರೌಸರ್ ಒಪ್ಪುವ ಸರ್ಟಿಫಿಕೇಟ್ ಸಿಗುತ್ತದೆ.

ಸ್ಟೋರೇಜ್‌ನಲ್ಲಿ ಅವಸರ ಬೇಡ. ಕೆ3ಎಸ್ ಜೊತೆ ಬರುವ ಲೋಕಲ್-ಪಾತ್ ಡೇಟಾವನ್ನು ಒಂದು ನೋಡಿನ ಡಿಸ್ಕಿನಲ್ಲಿ ಇಡುತ್ತದೆ, ಪಾಡ್ ಆ ನೋಡಿಗೇ ಕಟ್ಟಿಬೀಳುತ್ತದೆ. ಮೊದಲ ಕೆಲವು ವಾರ ಇದರಲ್ಲೇ ಇರಿ, ಇದರ ಮಿತಿ ಕಣ್ಣಿಗೆ ಬಿದ್ದ ಮೇಲೆ ಡೇಟಾವನ್ನು ಹಲವು ನೋಡ್‌ಗಳಲ್ಲಿ ಇಡುವ ಲಾಂಗ್‌ಹಾರ್ನ್ ಯಾಕೆ ಬೇಕು ಅನ್ನೋದು ತಾನಾಗಿಯೇ ಅರ್ಥವಾಗುತ್ತದೆ. ಲಾಂಗ್‌ಹಾರ್ನ್ ಮಾಮೂಲಾಗಿ ಒಂದು ವಾಲ್ಯೂಮಿನ (ಪಾಡಿನ ಡೇಟಾ ಇರುವ ಜಾಗದ) ಮೂರು ಪ್ರತಿ ಇಡುತ್ತದೆ, ಅಂದರೆ 20 ಜಿಬಿ ಡೇಟಾಗೆ 60 ಜಿಬಿ ಡಿಸ್ಕ್, ಮತ್ತು ಪ್ರತಿ ಬರವಣಿಗೆಯೂ ನೆಟ್‌ವರ್ಕ್ ಮೇಲೆ ಓಡಾಡಬೇಕು. ಹಾಕುವ ಮುಂಚೆ ಎಲ್ಲ ನೋಡಿನಲ್ಲೂ ಓಪನ್-ಐಸ್ಕಸಿ (open-iscsi, ನೆಟ್‌ವರ್ಕ್ ಮೂಲಕ ಡಿಸ್ಕ್ ಜೋಡಿಸುವ ಸಾಫ್ಟ್‌ವೇರ್) ಇರಲಿ. ಹಳೇ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸಿದ ಸ್ಟೋರೇಜ್ ಪೆಟ್ಟಿಗೆ) ಇದ್ದರೆ ಅದರ ಫೋಲ್ಡರ್ ಹಂಚುವ ಎನ್‌ಎಫ್‌ಎಸ್ ಕೂಡ ಆಗುತ್ತದೆ, ಆದರೆ ಎಸ್‌ಕ್ಯೂಲೈಟ್ ಬಳಸುವ ಆ್ಯಪ್‌ಗಳನ್ನು ಎನ್‌ಎಫ್‌ಎಸ್ ಮೇಲೆ ಇಡಬೇಡಿ. ಫೈಲ್ ಲಾಕಿಂಗ್ ಸರಿ ಇಲ್ಲದೆ ಡೇಟಾಬೇಸ್ ಕೆಡುತ್ತದೆ. ಮತ್ತೆ, ಮೂರು ಪ್ರತಿ ಇದೆ ಅಂತ ಬ್ಯಾಕಪ್ ಬಿಡಬೇಡಿ. ನೀವು ಒಂದು ಟೇಬಲ್ ಅಳಿಸಿದರೆ ಮೂರೂ ಕಡೆ ಒಟ್ಟಿಗೇ ಅಳಿಯುತ್ತದೆ.

ಮನೆಯ ಎಲ್ಲರೂ ನೆಚ್ಚಿಕೊಂಡಿರುವ ಡಿಎನ್‌ಎಸ್, ಫೋಟೋಗಳ ಏಕೈಕ ಪ್ರತಿ, ಪಾಸ್‌ವರ್ಡ್ ಪೆಟ್ಟಿಗೆ, ಇವನ್ನೆಲ್ಲ ಈ ಕ್ಲಸ್ಟರ್ ಮೇಲೆ ಹಾಕಬೇಡಿ. ಹಾಕಿದ ದಿನದಿಂದ ಅದು ಲ್ಯಾಬ್ ಅಲ್ಲ, ಮುಟ್ಟಲು ಭಯವಾಗುವ ಸಾಮಾನು.

ಎಲ್ಲವೂ ಗಿಟ್‌ನಲ್ಲಿ

ಒಂದು ಗಿಟ್ ರೆಪೊ ಮಾಡಿ, ಕಾನ್ಫಿಗ್ ಫೈಲ್, ಹೆಲ್ಮ್ ವ್ಯಾಲ್ಯೂ (ರೆಡಿಮೇಡ್ ಆ್ಯಪ್ ಹಾಕುವಾಗ ಕೊಡುವ ಸೆಟ್ಟಿಂಗ್), ಡಿಪ್ಲಾಯ್‌ಮೆಂಟ್ (ಯಾವ ಆ್ಯಪ್, ಎಷ್ಟು ಪ್ರತಿ ಅನ್ನೋ ವಿವರ) ಎಲ್ಲ ಅದರಲ್ಲೇ ಇರಲಿ. ಫ್ಲಕ್ಸ್ ಅಥವಾ ಆರ್ಗೊ ಸಿಡಿ ಅದನ್ನು ನೋಡಿಕೊಂಡು ಕ್ಲಸ್ಟರನ್ನು ಅದಕ್ಕೆ ತಕ್ಕಂತೆ ಇಡುತ್ತದೆ. ಪಾಸ್‌ವರ್ಡ್, ಕೀ ಥರದ ಸೀಕ್ರೆಟ್‌ಗಳನ್ನು ಮಾತ್ರ ಹಾಗೇ ಗಿಟ್‌ಗೆ ಹಾಕಬಾರದು. ಕುಬರ್ನೆಟಿಸ್ ಸೀಕ್ರೆಟ್ ಫೈಲಿನಲ್ಲಿ ಕಾಣುವ ಅರ್ಥವಾಗದ ಅಕ್ಷರಗಳು ಗುಪ್ತಲಿಪಿ ಅಲ್ಲ, ಬರೀ ಬೇಸ್64. ಯಾರು ಬೇಕಾದರೂ ಒಂದೇ ಕಮಾಂಡಿನಲ್ಲಿ ಬಿಚ್ಚಬಹುದು. ಸಾಪ್ಸ್ ಬಳಸಿ ನಿಜವಾಗಿ ಎನ್‌ಕ್ರಿಪ್ಟ್ ಮಾಡಿ, ಅದರ ಕೀಯನ್ನು ಟೋಕನ್ ಇಟ್ಟ ಜಾಗದಲ್ಲೇ ಇಡಿ.

ಪ್ರತಿ ಡಿಪ್ಲಾಯ್‌ಮೆಂಟಿಗೂ ಮೆಮೊರಿ ರಿಕ್ವೆಸ್ಟ್ (ಎಷ್ಟು ಮೆಮೊರಿ ಬೇಕು ಅನ್ನೋದು) ಬರೆಯಿರಿ. ಪಾಡ್ ಎಲ್ಲಿ ಕೂರಬೇಕು ಅಂತ ಶೆಡ್ಯೂಲರ್ ನಿರ್ಧರಿಸುವುದು ನೋಡಿನಲ್ಲಿ ನಿಜಕ್ಕೂ ಎಷ್ಟು ಮೆಮೊರಿ ಖಾಲಿ ಇದೆ ಅಂತ ನೋಡಿ ಅಲ್ಲ, ಎಲ್ಲರೂ ಬರೆದುಕೊಟ್ಟ ರಿಕ್ವೆಸ್ಟ್‌ಗಳನ್ನು ಕೂಡಿಸಿ. ಬರೆಯದಿದ್ದರೆ ಅದರ ಲೆಕ್ಕಕ್ಕೆ ನಿಮ್ಮ ಪಾಡ್ ಸೊನ್ನೆ, 8 ಜಿಬಿ ಮೆಷಿನ್ ಮೇಲೆ ಎಷ್ಟು ಬೇಕಾದರೂ ತುರುಕುತ್ತದೆ. ಕಂಟೈನರ್ 137 ಕೋಡ್ ಕೊಟ್ಟು ಸತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಮೆಮೊರಿಯನ್ನೇ.

ಇನ್ನು ಕೆಡಿಸಿ

ಒಂದು ವೆಬ್ ಆ್ಯಪ್ ಎರಡು ಪ್ರತಿ, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸ್ಟೇಟ್‌ಫುಲ್‌ಸೆಟ್ (ತನ್ನ ಹೆಸರು, ಡೇಟಾ ಉಳಿಸಿಕೊಳ್ಳುವ ಬಗೆ) ಆಗಿ ಹಾಕಿ. ಪೋಸ್ಟ್‌ಗ್ರೆಸ್ ಇರುವ ನೋಡಿನ ಪ್ಲಗ್ ಕೀಳಿ. ಗಡಿಯಾರ ನೋಡುತ್ತಾ ಕೂರಿ.

ಮುಕ್ಕಾಲು ನಿಮಿಷ ಸುಮಾರಿಗೆ ನೋಡ್ 'ನಾಟ್ ರೆಡಿ' ಆಗುತ್ತದೆ. ಸತ್ತ ನೋಡಿನ ವೆಬ್ ಪಾಡ್ ತಕ್ಷಣ ಬೇರೆ ಕಡೆ ಹುಟ್ಟುತ್ತದೆ ಅಂದುಕೊಂಡಿದ್ದರೆ ಇಲ್ಲ, ಇನ್ನೂ 300 ಸೆಕೆಂಡ್ ಕಾಯುತ್ತದೆ. ಅದು ಮಾಮೂಲು ಸೆಟ್ಟಿಂಗ್, ಪಾಡಿನ ಟಾಲರೇಷನ್‌ನಲ್ಲಿ (ಸತ್ತ ನೋಡನ್ನು ಎಷ್ಟು ಹೊತ್ತು ಸಹಿಸಬೇಕು ಅನ್ನೋ ಸಾಲಿನಲ್ಲಿ) ಕಡಿಮೆ ಮಾಡಬಹುದು. ಅಷ್ಟು ಹೊತ್ತಾದ ಮೇಲೆ ವೆಬ್ ಪಾಡ್ ಬೇರೆ ಕಡೆ ಏಳುತ್ತದೆ. ಪೋಸ್ಟ್‌ಗ್ರೆಸ್ ಮಾತ್ರ 'ಟರ್ಮಿನೇಟಿಂಗ್' ಅಂತ ಹೇಳಿಕೊಂಡು ಹಾಗೇ ನಿಂತಿರುತ್ತದೆ. ಇದು ಕೆಟ್ಟುಹೋಗಿರುವುದಲ್ಲ, ಬೇಕೆಂದೇ ಹೀಗೆ ಮಾಡಿರುವುದು. ನೋಡ್ ನಿಜಕ್ಕೂ ಸತ್ತಿದೆಯಾ ಅಥವಾ ಬರೀ ಕೇಬಲ್ ಕಿತ್ತಿದೆಯಾ ಅನ್ನೋದು ಕ್ಲಸ್ಟರಿಗೆ ತಿಳಿಯುವ ದಾರಿಯೇ ಇಲ್ಲ. ಕೇಬಲ್ ಮಾತ್ರ ಕಿತ್ತಿದ್ದರೆ ಹಳೇ ಪೋಸ್ಟ್‌ಗ್ರೆಸ್ ಅಲ್ಲಿ ಇನ್ನೂ ಓಡುತ್ತಿದೆ, ಇಲ್ಲಿ ಇನ್ನೊಂದು ಎಬ್ಬಿಸಿದರೆ ಇಬ್ಬರೂ ಒಂದೇ ಡೇಟಾ ಬರೆದು ಹಾಳು ಮಾಡುತ್ತಾರೆ. ನಂಬದಿದ್ದರೆ ಎರಡನೇ ಪ್ರಯೋಗ ಮಾಡಿ: ಪವರ್ ಬಿಟ್ಟು ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತು, ಆ ಮೆಷಿನ್‌ಗೇ ಕೀಬೋರ್ಡ್, ಮಾನಿಟರ್ ಹಚ್ಚಿ ನೋಡಿ. ಕಂಟೈನರ್‌ಗಳು ಆರಾಮಾಗಿ ಓಡುತ್ತಿರುತ್ತವೆ. ನೋಡ್ ಸತ್ತಿರುವುದು ಖಾತ್ರಿ ಇದ್ದರೆ ನೀವೇ ಅದಕ್ಕೆ 'ಔಟ್ ಆಫ್ ಸರ್ವಿಸ್' ಅನ್ನೋ ಗುರುತು, ಅಂದರೆ ಟೇಂಟ್, ಹಾಕಿ, ಆಗ ಕ್ಲಸ್ಟರ್ ಹಳೇ ಪಾಡನ್ನು ಬಿಟ್ಟುಕೊಡುತ್ತದೆ. ಲೋಕಲ್-ಪಾತ್ ಆಗಿದ್ದರೆ ಆಗಲೂ ಪೋಸ್ಟ್‌ಗ್ರೆಸ್ ಏಳುವುದಿಲ್ಲ, ಡೇಟಾ ಸತ್ತ ಡಿಸ್ಕಿನಲ್ಲೇ ಇದೆಯಲ್ಲ. ಲಾಂಗ್‌ಹಾರ್ನ್ ಹಾಕಬೇಕಾದ ಹೊತ್ತು ಇದು.

ಆಮೇಲೆ ಎರಡು ನೋಡ್ ಒಟ್ಟಿಗೆ ಆಫ್ ಮಾಡಿ. ಕ್ಯೂಬ್‌ಸಿಟಿಎಲ್ ಉತ್ತರ ಕೊಡುವುದಿಲ್ಲ, ಉಳಿದ ನೋಡಿನಲ್ಲಿ ಓಡುತ್ತಿದ್ದ ಕಂಟೈನರ್‌ಗಳು ಮಾತ್ರ ಹಾಗೇ ಓಡುತ್ತಿರುತ್ತವೆ. ಕೆ3ಎಸ್‌ನ 'ಕ್ಲಸ್ಟರ್-ರೀಸೆಟ್' ಬಳಸಿ ಅದೊಂದನ್ನೇ ಎಬ್ಬಿಸಿ, ಉಳಿದೆರಡರ ಹಳೇ ಡೇಟಾಬೇಸ್ ಫೋಲ್ಡರ್ ತೆಗೆದು ಮತ್ತೆ ಸೇರಿಸುವುದನ್ನು ಅಭ್ಯಾಸ ಮಾಡಿ. ಡಿಸ್ಕ್ ತುಂಬಿಸಿಯೂ ನೋಡಿ. ಡಿಸ್ಕಿನಲ್ಲಿ ಜಾಗ ಕಡಿಮೆಯಾದಾಗ ಕ್ಯೂಬ್‌ಲೆಟ್ (ಪ್ರತಿ ನೋಡಿನಲ್ಲೂ ಪಾಡ್‌ಗಳನ್ನು ನೋಡಿಕೊಳ್ಳುವ ಭಾಗ) ಮೊದಲು ಬಳಸದ ಇಮೇಜ್‌ಗಳನ್ನು ಅಳಿಸುತ್ತದೆ, ಅದೂ ಸಾಲದಿದ್ದರೆ ಪಾಡ್‌ಗಳನ್ನೇ ಹೊರಗೆ ಹಾಕುತ್ತದೆ.

ಏನು ಕೆಟ್ಟರೂ ಮೊದಲು ನೋಡಬೇಕಾದದ್ದು 'ಡಿಸ್ಕ್ರೈಬ್ ಪಾಡ್' ಕಮಾಂಡಿನ ಕೊನೆಯ ಸಾಲುಗಳು. ಅಲ್ಲಿ ಕಾಣುವ ಈವೆಂಟ್‌ಗಳು (ಏನೇನಾಯಿತು ಅನ್ನೋ ದಾಖಲೆ) ಮಾಮೂಲಾಗಿ ಒಂದು ಗಂಟೆ ಮಾತ್ರ ಉಳಿಯುತ್ತವೆ, ನಾಳೆ ನೋಡೋಣ ಅಂತ ಬಿಡಬೇಡಿ. ಪಾಡ್ ಸತ್ತು ಸತ್ತು ಏಳುತ್ತಿದ್ದರೆ ಲಾಗ್ಸ್ ಕಮಾಂಡಿಗೆ 'ಪ್ರೀವಿಯಸ್' ಸೇರಿಸಿ, ಸಾಯುವ ಮುಂಚೆ ಏನು ಹೇಳಿತ್ತು ಅಂತ ಸಿಗುತ್ತದೆ.

ಅಪ್‌ಗ್ರೇಡ್

ಕುಬರ್ನೆಟಿಸ್ ವರ್ಷಕ್ಕೆ ಮೂರು ಆವೃತ್ತಿ ಬಿಡುತ್ತದೆ, ಒಂದೊಂದಕ್ಕೂ ಸುಮಾರು 14 ತಿಂಗಳು ಬೆಂಬಲ. ಮಧ್ಯದ ಆವೃತ್ತಿ ಹಾರಿಸಬೇಡಿ, ಒಂದೊಂದೇ ಮೆಟ್ಟಿಲು. ಮೊದಲು ಎಟ್‌ಸಿಡಿ ಸ್ನ್ಯಾಪ್‌ಶಾಟ್, ಆಮೇಲೆ ಸರ್ವರ್‌ಗಳು ಒಂದಾದ ಮೇಲೆ ಒಂದು, ಕೊನೆಗೆ ಏಜೆಂಟ್‌ಗಳು. ಪ್ರತಿ ನೋಡನ್ನೂ ಡ್ರೈನ್ ಮಾಡಿ (ಪಾಡ್‌ಗಳನ್ನು ಖಾಲಿ ಮಾಡಿಸಿ), ಅಪ್‌ಗ್ರೇಡ್ ಮಾಡಿ, ಅನ್‌ಕಾರ್ಡನ್ ಮಾಡಿ (ಮತ್ತೆ ಪಾಡ್ ಬರಲು ಬಿಡಿ). ಡ್ರೈನ್ ಮುಗಿಯದೇ ನಿಂತರೆ ಪಾಡ್ ಡಿಸ್‌ರಪ್ಷನ್ ಬಜೆಟ್ (ಕನಿಷ್ಠ ಎಷ್ಟು ಪಾಡ್ ಓಡುತ್ತಿರಬೇಕು ಅನ್ನೋ ನಿಯಮ) ನೋಡಿ. ಒಂದೇ ಪ್ರತಿ ಇರುವ ಆ್ಯಪ್‌ಗೆ ಕನಿಷ್ಠ ಒಂದು ಯಾವಾಗಲೂ ಇರಲೇಬೇಕು ಅಂತ ಬರೆದಿದ್ದರೆ ಅದು ಜಾಗ ಬಿಡುವುದೇ ಇಲ್ಲ.

ಕೆ3ಎಸ್ ತಾನಾಗಿಯೇ 12 ಗಂಟೆಗೊಮ್ಮೆ ಎಟ್‌ಸಿಡಿ ಸ್ನ್ಯಾಪ್‌ಶಾಟ್ ತೆಗೆದು ಕೊನೆಯ ಐದನ್ನು ಇಟ್ಟುಕೊಳ್ಳುತ್ತದೆ, ಆದರೆ ಅದೇ ನೋಡಿನ ಡಿಸ್ಕಿನಲ್ಲಿ. ಎಸ್3 ಥರದ ಹೊರಗಿನ ಸ್ಟೋರೇಜ್‌ಗೆ ಕಳಿಸುವ ಆಯ್ಕೆ ಕಾನ್ಫಿಗ್ ಫೈಲಿನಲ್ಲೇ ಇದೆ, ಹಾಕಿಬಿಡಿ. ಈ ಸ್ನ್ಯಾಪ್‌ಶಾಟ್‌ನಲ್ಲಿ ಕ್ಲಸ್ಟರಿನ ವಿವರ ಮಾತ್ರ ಇರುತ್ತದೆ, ವಾಲ್ಯೂಮಿನ ಡೇಟಾ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಬೇರೆ ಡಂಪ್ (ಡೇಟಾದ ಪ್ರತಿ) ತೆಗೆಯಬೇಕು.

ಇಷ್ಟಾದ ಮೇಲೆ ಬಿಡುವಿರುವ ಒಂದು ದಿನ ಮೂರೂ ನೋಡಿನಲ್ಲಿ ಕೆ3ಎಸ್‌ನ ಅನ್‌ಇನ್‌ಸ್ಟಾಲ್ ಸ್ಕ್ರಿಪ್ಟ್ ಓಡಿಸಿ. ಗಿಟ್ ರೆಪೊ, ಟೋಕನ್, ಸಾಪ್ಸ್ ಕೀ, ಹೊರಗಿಟ್ಟ ಸ್ನ್ಯಾಪ್‌ಶಾಟ್, ಡೇಟಾಬೇಸ್ ಡಂಪ್, ಇವಿಷ್ಟರಿಂದಲೇ ಮತ್ತೆ ಕಟ್ಟಿ. ಎಲ್ಲೆಲ್ಲಿ ನೆನಪಿನಿಂದ ಒಂದು ಕಮಾಂಡ್ ಹೊಡೆಯಬೇಕಾಯಿತೋ ಅದನ್ನೆಲ್ಲ ಅಲ್ಲೇ ಬರೆದುಕೊಂಡು, ಅದೇ ದಿನ ರೆಪೊಗೆ ಸೇರಿಸಿ.